ಹತ್ತೊಂಬತ್ತು ಜನರ ಮುಂದೆ ಕುಳಿತವಳು

ಶಿಷ್ಯೆ ಗುರುತಾಯಿಯನ್ನು ಕೇಳಿದಳು: "ಅವ್ವಾ, ಅಂಕ ಹೆಚ್ಚಾಗದೆ ಸ್ಥಾನ ಮಾತ್ರ ಏರಿದರೆ ನಾನು ಬೆಳೆದ ಹಾಗೋ, ಅಲ್ಲವೋ?"

ಅವಳು ದಾದಿಯರ ಶಾಲೆಯಲ್ಲಿ ಓದುತ್ತಿದ್ದಳು. ಅವಳ ತರಗತಿಯಲ್ಲಿ ನೂರು ಹುಡುಗಿಯರು. ನೂರೂ ಜನ ಗುರುತಾಯಿಯ ಆಶ್ರಮದ ವಸತಿಯಲ್ಲೇ ಇದ್ದರು. ಶಿಷ್ಯೆಯ ಕೈಯಲ್ಲಿ ಶಾಲೆ ಕೊಟ್ಟ ಪತ್ರವಿತ್ತು.

"ಹೋದ ವರ್ಷ ಆರುನೂರಕ್ಕೆ ನಾನೂರ ಎಂಬತ್ತು ಬಂದಿತ್ತು. ಈ ವರ್ಷವೂ ಅಷ್ಟೇ ಬಂದಿದೆ. ಆದರೆ ಪರ್ಸೆಂಟೈಲ್ ಎಂಬತ್ತರಿಂದ ತೊಂಬತ್ತೊಂದಕ್ಕೆ ಹೋಗಿದೆ. ಮೊದಲ ಹತ್ತು ಜನರಿಗೆ ಕೊಡುವ ಗೌರವ ಪತ್ರ ನನಗೂ ಸಿಕ್ಕಿದೆ. ನಾಳೆ ಸಭೆಯಲ್ಲಿ ಶಾಲು ಹೊದಿಸುತ್ತಾರೆ."

"ಆ ದೊಡ್ಡ ಪದವನ್ನು ಬಿಡಿಸಿ ಹೇಳು."

"ನೂರರಲ್ಲಿ ಎಷ್ಟು ಜನ ನನ್ನ ಹಿಂದಿದ್ದಾರೆ ಎಂಬ ಲೆಕ್ಕ, ಅವ್ವಾ. ಹೋದ ವರ್ಷ ಎಂಬತ್ತು ಜನ ಇದ್ದರು. ಈ ವರ್ಷ ತೊಂಬತ್ತೊಂದು."

"ಹನ್ನೊಂದು ಜನರನ್ನು ದಾಟಿದೆ ಅನ್ನು. ಹೇಗೆ ದಾಟಿದೆ?"

"ಪರೀಕ್ಷೆಯ ತಿಂಗಳು ಬಾಗಿಲಿಗೆ ಚಿಲಕ ಹಾಕಿಕೊಂಡು ಓದಿದೆ. ಪಾಠ ಹೇಳಿಸಿಕೊಳ್ಳಲು ಯಾರು ಬಂದು ತಟ್ಟಿದರೂ ತೆಗೆಯಲಿಲ್ಲ."

ಗುರುತಾಯಿ ಅವಳನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮುದುಕಿ ಸೂಲಗಿತ್ತಿ ಇದ್ದಳು. ವರ್ಷಕ್ಕೆ ಒಂದು ತಿಂಗಳು ಸುತ್ತಲಿನ ಹಳ್ಳಿಗಳಿಂದ ಇಪ್ಪತ್ತು ಹೆಂಗಸರು ಬಂದು ಅವಳ ಹತ್ತಿರ ಕಲಿಯುತ್ತಿದ್ದರು. ಉಳಿದ ತಿಂಗಳುಗಳಲ್ಲಿ ತಮ್ಮ ತಮ್ಮ ಹಳ್ಳಿಗಳಲ್ಲಿ ಹೆರಿಗೆ ನೋಡುತ್ತಿದ್ದರು. ತಿಂಗಳ ಕೊನೆಯ ದಿನ ಮುದುಕಿ ಒಬ್ಬೊಬ್ಬರನ್ನೇ ಒಳಗೆ ಕರೆದು ಐವತ್ತು ಪ್ರಶ್ನೆ ಕೇಳುತ್ತಿದ್ದಳು. ಉತ್ತರ ಕೊಟ್ಟಷ್ಟಕ್ಕೆ ತಕ್ಕಂತೆ ಅವರನ್ನು ಅಂಗಳದಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಕೂರಿಸುತ್ತಿದ್ದಳು. ಎಲ್ಲರಿಗಿಂತ ಮುಂದೆ ಕುಳಿತವಳ ಕೈಗೆ ಬೆಳ್ಳಿಯ ಕಡಗ ಹಾಕುತ್ತಿದ್ದಳು. ಮುಂದಿನ ವರ್ಷದ ಸಾಲು ಕೂರುವವರೆಗೆ ಕಡಗ ಅವಳದು. ಹಳ್ಳಿಗಳಲ್ಲಿ ಜನ ಸೂಲಗಿತ್ತಿಯನ್ನು ಕರೆಯುವ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ನಿನ್ನ ಹಿಂದೆ ಎಷ್ಟು ಜನ ಕುಳಿತಿದ್ದರು?"

ಆ ಇಪ್ಪತ್ತರಲ್ಲಿ ಒಬ್ಬ ಹೆಂಗಸು ಚುರುಕಾಗಿದ್ದಳು. ಮೊದಲ ವರ್ಷ ನಲವತ್ತು ಪ್ರಶ್ನೆಗಳಿಗೆ ಉತ್ತರ ಕೊಟ್ಟಳು. ಏಳನೆಯವಳಾಗಿ ಕುಳಿತಳು. ಎರಡನೆಯ ವರ್ಷವೂ ನಲವತ್ತಕ್ಕೇ ಉತ್ತರ ಕೊಟ್ಟಳು. ಆದರೆ ಅವಳ ಮುಂದಿದ್ದವರಲ್ಲಿ ನಾಲ್ವರು ಇನ್ನು ಕಲಿಯುವುದು ಉಳಿದಿಲ್ಲವೆಂದು ಬರುವುದನ್ನು ಬಿಟ್ಟಿದ್ದರು. ಅವರ ಬದಲು ನಾಲ್ವರು ಹೊಸಬರು ಬಂದಿದ್ದರು. ಅವಳು ಮೂರನೆಯವಳಾಗಿ ಕುಳಿತಳು. ಮನೆಯಲ್ಲಿ ಅತ್ತೆ ಹೋಳಿಗೆ ಮಾಡಿದಳು. ಹೋಳಿಗೆ ತಿನ್ನುತ್ತಾ ಅವಳಿಗೂ ತಾನು ಬೆಳೆದೆನೆಂದೇ ಅನ್ನಿಸಿತು.

ಮೂರನೆಯ ವರ್ಷ ಪಕ್ಕದ ಊರಿನಿಂದ ಹೆರಿಗೆಗೆ ಕರೆ ಬಂತು. ಮುದುಕಿ ಇವಳೊಬ್ಬಳನ್ನೇ ಜೊತೆಗೆ ಕರೆದುಕೊಂಡು ಹೋದಳು. ಅಲ್ಲಿ ಮಗುವಿನ ತಲೆ ಬರುವ ಬದಲು ಕಾಲು ಬಂತು. ಇವಳು ಹಿಡಿದು ಎಳೆಯಲು ಕೈ ಚಾಚಿದಳು. ಮುದುಕಿ ಆ ಕೈಗೆ ಹೊಡೆದಳು. ತನ್ನ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕಾದಳು. ಮಗುವಿನ ಕತ್ತಿನ ಹಿಂದಿನ ಕೂದಲು ಕಂಡ ಮೇಲೆ ಮೆಲ್ಲಗೆ ಎತ್ತಿಕೊಂಡಳು.

"ಕಾಲು ಮೊದಲು ಬಂದರೆ ಎಳೆಯಬಾರದು" ಎಂದಳು ಮುದುಕಿ. "ಎಳೆದರೆ ಮಗುವಿನ ತೋಳು ಮೇಲೆ ಹೋಗಿ ತಲೆಯ ಪಕ್ಕ ಸಿಕ್ಕಿಕೊಳ್ಳುತ್ತದೆ. ಇದನ್ನು ನಾನು ಇನ್ನೂ ಯಾರಿಗೂ ಹೇಳಿಲ್ಲ. ಬಾಣಂತಿಗೆ ಜ್ವರವಿದೆ, ನಾನು ಇಲ್ಲೇ ಇರುತ್ತೇನೆ. ನೀನು ಹೋಗಿ ಉಳಿದವರಿಗೆ ಹೇಳು."

ಅವಳು ಹಿಂದಿರುಗಿದಾಗ ಹತ್ತೊಂಬತ್ತು ಜನರೂ ಸುತ್ತುವರಿದರು.

"ಏನಾಯಿತು ಅಲ್ಲಿ?"

"ಏನಾಗುತ್ತದೆ? ಮಗುವಾಯಿತು. ನೀವೇನು ಹುಲಿ ಹುಟ್ಟಿತು ಅಂದುಕೊಂಡಿರಾ?"

ಎಲ್ಲರೂ ನಕ್ಕರು. ಅವಳೂ ನಕ್ಕು ಒಳಗೆ ಹೋದಳು. ಸುಳ್ಳು ಹೇಳಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಳು.

ಕೊನೆಯ ದಿನ ಮೂವರು ಸಮನಾಗಿ ನಿಂತರು. ಮುದುಕಿ ಆ ಮೂವರನ್ನು ಮತ್ತೆ ಒಬ್ಬೊಬ್ಬರಾಗಿ ಒಳಗೆ ಕರೆದು ಕೇಳಿದಳು: "ಕಾಲು ಮೊದಲು ಬಂದರೆ ನಿನ್ನ ಕೈ ಎಲ್ಲಿರುತ್ತದೆ?" ಇಬ್ಬರು, ಕಾಲನ್ನು ಹಿಡಿದಿರುತ್ತದೆ ಎಂದರು. ಇವಳು, ಮಡಿಲಲ್ಲಿರುತ್ತದೆ ಎಂದಳು.

ಮುದುಕಿ ಕಡಗ ತೊಡಿಸಿದಳು. ತೊಡಿಸುತ್ತಾ ಹೇಳಿದಳು: "ನೀನು ಹೇಳಿದ್ದು ಅವರ ತಲೆಗೆ ಹೋಗಿಲ್ಲ. ಊರಿಗೆ ಹೊರಡುವಾಗ ಎಲ್ಲರಿಗೂ ಇನ್ನೊಂದು ಸಲ ಹೇಳಿಬಿಡು."

"ಆಗಲಿ" ಎಂದಳು ಅವಳು.

ಅಂಗಳದಲ್ಲಿ ಬೆನ್ನ ಹಿಂದೆ ಹತ್ತೊಂಬತ್ತು ಜನ ಕುಳಿತಿದ್ದರು. ಹೇಳಿದರೆ ಮುಂದಿನ ವರ್ಷ ಕಡಗ ಯಾರ ಕೈಗೆ ಹೋಗುತ್ತದೋ ಎಂದುಕೊಂಡಳು. ಹೇಳದೆಯೇ ಊರಿಗೆ ಹೊರಟಳು. ಆಗ ಅವಳು ಒಂದು ತಿಂಗಳ ಬಸುರಿ.

ಎಂಟು ತಿಂಗಳು ಕಳೆದವು. ಅವಳು ಹೆರಿಗೆಗೆ ತವರಿಗೆ ಬಂದಿದ್ದಳು. ಒಂದು ಬೆಳಿಗ್ಗೆ ನೋವು ಶುರುವಾಯಿತು. ಮುದುಕಿಯ ಊರು ಅಲ್ಲಿಂದ ಒಂದು ದಿನದ ದಾರಿ. ಹತ್ತಿರದ ಹಳ್ಳಿಯಲ್ಲಿ ಇದ್ದವಳು, ಸಾಲಿನ ತುದಿಯಲ್ಲಿ ಕುಳಿತಿದ್ದ ಇಪ್ಪತ್ತನೆಯವಳು. ತಾಯಿ ಅವಳನ್ನೇ ಕರೆಸಿದಳು.

ಇಪ್ಪತ್ತನೆಯವಳು ಬಂದು ಕಡಗ ನೋಡಿದಳು. "ಅಕ್ಕಾ, ನಿನ್ನ ಹೆರಿಗೆಗೆ ನಾನೇ? ನೀನೇ ಎದ್ದು ಮಾಡಿಕೊಂಡರೂ ನನಗಿಂತ ಚೆನ್ನಾಗಿ ಮಾಡಿಕೊಳ್ಳುತ್ತೀಯ" ಎಂದು ನಕ್ಕಳು. ಕೈ ತೊಳೆದುಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಮಗುವಿನ ಕಾಲು ಕಂಡಿತು. ಇಪ್ಪತ್ತನೆಯವಳು ಅದನ್ನು ಹಿಡಿದು ಎಳೆದಳು.

"ಎಳೆಯಬೇಡ! ಕೈ ಮಡಿಲಲ್ಲಿಡು!" ಎಂದು ಮಲಗಿದವಳು ಕೂಗಿದಳು.

"ಕೈ ಮಡಿಲಲ್ಲಿಟ್ಟರೆ ಮಗು ತಾನೇ ನಡೆದು ಬರುತ್ತದೆಯೇ? ನೋವಿನಲ್ಲಿ ಏನೇನೋ ಅನ್ನುತ್ತಿದ್ದೀಯ ಅಕ್ಕಾ. ಇಂಥ ಮಾತನ್ನು ನಮಗೆ ಕಲಿಸಿದ ಅವ್ವ ಯಾವಾಗ ಹೇಳಿದ್ದಾಳೆ?"

ಅವಳು ಮತ್ತೆ ಎಳೆದಳು. ಪಕ್ಕದ ಊರಿನಲ್ಲಿ ನಡೆದದ್ದನ್ನು ಮಲಗಿದವಳು ಈಗ ಹೇಳಬೇಕಾಯಿತು. ಒಂದು ನೋವಿಗೂ ಇನ್ನೊಂದು ನೋವಿಗೂ ನಡುವೆ ಸಿಕ್ಕಿದ ಉಸಿರಿನಲ್ಲಿ ಹೇಳಬೇಕಾಯಿತು. ಎಂಟು ತಿಂಗಳ ಹಿಂದೆ ಅಂಗಳದಲ್ಲಿ ಹೇಳಿದ್ದರೆ ಅದು ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ಪೂರ್ತಿ ಕೇಳಿದ ಮೇಲೆ ಇಪ್ಪತ್ತನೆಯವಳು ಕೈ ತೆಗೆದಳು. ಅಷ್ಟರಲ್ಲಿ ಅವಳು ಮೂರು ಸಲ ಎಳೆದಾಗಿತ್ತು.

ಮಗು ಹುಟ್ಟಿತು. ತಡವಾಗಿ ಅತ್ತಿತು. ಬದುಕಿತು. ಅದರ ಬಲಗೈ ಮಾತ್ರ ಮೇಲೇಳಲಿಲ್ಲ. ಆ ದಿನವೂ ಏಳಲಿಲ್ಲ, ಮುಂದೆಯೂ ಏಳಲಿಲ್ಲ.

ಇಪ್ಪತ್ತನೆಯವಳು ಗೋಡೆಗೆ ಒರಗಿ ಅಳುತ್ತಿದ್ದಳು. "ನನಗೆ ಗೊತ್ತಿರಲಿಲ್ಲ ಅಕ್ಕಾ. ಗೊತ್ತಿಲ್ಲದ್ದಕ್ಕೇ ಅಲ್ಲವೇ ನಾನು ಕೊನೆಯಲ್ಲಿ ಕುಳಿತದ್ದು."

  

ಮುಂದಿನ ವರ್ಷದ ತಿಂಗಳು ಬಂತು. ಅವಳು ಮಗುವನ್ನು ಎತ್ತಿಕೊಂಡು ಮುದುಕಿಯ ಮನೆಗೆ ಹೋದಳು. ಮೊದಲ ದಿನವೇ ನಡೆದದ್ದನ್ನು ಎಲ್ಲರ ಮುಂದೆ ಹೇಳಿದಳು. ಕೆಲವರು ಬೈದರು. ಒಬ್ಬಳು ಎದ್ದು ದೂರ ಹೋಗಿ ಕುಳಿತಳು. ಇವಳು ಬೈಗುಳ ಮುಗಿಯುವವರೆಗೆ ಇದ್ದು, ಆಮೇಲೆ ಪಾಠ ಹೇಳಿದಳು. ಆ ತಿಂಗಳು ಪೂರ್ತಿ ತನಗೆ ತಿಳಿದದ್ದನ್ನೆಲ್ಲ ಹೇಳಿಕೊಟ್ಟಳು. ಕೇಳದವರನ್ನೂ ಕೂರಿಸಿ ಹೇಳಿಕೊಟ್ಟಳು.

ಕೊನೆಯ ದಿನ ಸಾಲು ಕುಳಿತಿತು. ಅವಳು ಹನ್ನೊಂದನೆಯವಳಾಗಿ ಕುಳಿತಳು. ಅವಳಿಗೆ ತಿಳಿದಿದ್ದರಲ್ಲಿ ಒಂದೂ ಕಡಿಮೆಯಾಗಿರಲಿಲ್ಲ.

ಕತೆ ಮುಗಿಯಿತು. ಶಿಷ್ಯೆ ಕೈಯಲ್ಲಿದ್ದ ಪತ್ರವನ್ನು ಒಮ್ಮೆ ನೋಡಿದಳು.

"ಹಾಗಾದರೆ ಈ ಲೆಕ್ಕ ಸುಳ್ಳೇ, ಅವ್ವಾ? ನಾಳೆ ಶಾಲು ಹೊದಿಸಿಕೊಳ್ಳಬಾರದೇ?"

"ಲೆಕ್ಕ ಸುಳ್ಳಲ್ಲ. ನಿನ್ನ ಹಿಂದೆ ಎಷ್ಟು ಜನ ಎಂದು ಅವರು ಸರಿಯಾಗಿಯೇ ಎಣಿಸಿದ್ದಾರೆ. ಶಾಲನ್ನೂ ಹೊದಿಸಿಕೋ, ಬೇಡ ಎಂದವರು ಯಾರು? ನನಗೆ ತಿಳಿಯಬೇಕಾದದ್ದು ಬೇರೆ."

"ಏನು?"

ಗುರುತಾಯಿ ಕೇಳಿದರು: "ಈ ವರ್ಷ ನಿನ್ನ ಹಿಂದೆ ಬಿದ್ದ ಆ ಹನ್ನೊಂದು ಹುಡುಗಿಯರಲ್ಲಿ, ನಿನ್ನ ಬಾಗಿಲು ತಟ್ಟಿ ಹೋದವರು ಎಷ್ಟು ಜನ?"