ಕುಂಕುಮದ ಕೆಳಗಿನ ಅಂಕಿ

ನಾನು ಮೊದಲ ಸಲ ಮನೆಬಿಟ್ಟದ್ದು ಒಂದು ಮಂಗಳವಾರ, ಐದನೇ ಕ್ಲಾಸಿನ ಅರ್ಧದಲ್ಲಿ. ಆಮೇಲೆ ಎಷ್ಟು ಊರು ಕಂಡೆನೋ. ಆಯುಧಪೂಜೆಯ ಮಾರನೆಯ ದಿನ ಕಾಲು ಸೋತು ಒಂದು ರಾಜಧಾನಿಗೆ ಬಂದಾಗ ಡಂಗುರ ಹೊಡೆಯುತ್ತಿದ್ದರು. "ಕೇಳಿರಪ್ಪಾ ಕೇಳಿ, ದೊರೆಯ ಕಾರ್ಖಾನೆಯಲ್ಲಿ ಉಕ್ಕು ಕತ್ತರಿಸುವ ಲೇಸರ್ ಯಂತ್ರಕ್ಕೆ ಆಳು ಬೇಕು. ದೊರೆಯ ಮಗಳು ಅಮ್ಮಣ್ಣಿಯವರ ಮೂರು ಒಗಟು ಬಿಡಿಸಿದವನಿಗೆ ಅವರ ಕೈಹಿಡಿಯುವ ಭಾಗ್ಯ, ಅರ್ಧ ರಾಜ್ಯ. ತಪ್ಪಿದವನು ತಾನು ಆರಿಸಿದ ಕನ್ನಡಕದಲ್ಲೇ ಕಿರಣದ ಮುಂದೆ ನಿಲ್ಲಬೇಕು."

ಊಟವಾದರೂ ಸಿಕ್ಕೀತೆಂದು ಸಾಲಿನಲ್ಲಿ ನಿಂತೆ. ನನ್ನ ಮುಂದೆ ಇಬ್ಬರು, ಮಂತ್ರಿಯ ಮಗ ಚೆಲುವರಾಜ ಮತ್ತು ಅಕ್ಕಸಾಲಿ ಪುಟ್ಟಾಚಾರಿ.

ಅಮ್ಮಣ್ಣಿಯ ಎಡಗಣ್ಣಿಗೆ ನೋಟವಿರಲಿಲ್ಲ. ಹಿಂದಿನ ಆಳು ಆರಿಸಿಕೊಟ್ಟ ಕನ್ನಡಕದ ಫಲ. ಮೇಜಿನ ಮೇಲೆ ನಾಲ್ಕು ಕನ್ನಡಕವಿದ್ದವು: ಕಪ್ಪಿನದೊಂದು, ಬಣ್ಣವಿಲ್ಲದ್ದೊಂದು, ಹಸಿರಿನವು ಎರಡು.

"ಕಣ್ಣಿಗೆ ಕಾಣದೆ ಕಣ್ಣನ್ನೇ ತಿನ್ನುವ ಬೆಳಕು ಇದು. ಇದಕ್ಕೆ ಬಾಗಿಲು ಹಾಕುವುದು ಇವುಗಳಲ್ಲಿ ಯಾವುದು?" ಎಂದಳು ಅಮ್ಮಣ್ಣಿ.

"ಬಿಸಿಲಿಗೇ ಕಪ್ಪು ಬೇಕು, ಇದಕ್ಕೆ ಬೇಡವೇ?" ಎಂದ ಚೆಲುವರಾಜ. ಭಟರು ಅವನನ್ನು ಪಕ್ಕಕ್ಕೆ ಎಳೆದರು.

"ಬಣ್ಣ ಇಲ್ಲದ್ದು ಕೊಡಿ ತಾಯಿ. ಕಾಣದೆ ಕೆಲಸ ಮಾಡೋದು ಹೇಗೆ?" ಎಂದ ಪುಟ್ಟಾಚಾರಿ. ಅವನನ್ನೂ ಎಳೆದರು.

"ನಿನ್ನದೇನಪ್ಪಾ, ಜೋಳಿಗೆಯವನೇ?"

ಹಸಿರು ಎನ್ನಬಹುದಿತ್ತು. ಆದರೆ ಯಾವ ಹಸಿರು? ಯಂತ್ರದ ಹತ್ತಿರ ಹೋದೆ. ಅದರ ತಗಡಿನ ಫಲಕದ ಮೇಲೆ ನಿನ್ನೆಯ ಪೂಜೆಯ ಅರಿಶಿನ ಕುಂಕುಮ ದಪ್ಪಗೆ ಮೆತ್ತಿತ್ತು. ಹೆಗಲ ಟವೆಲ್ಲಿನಿಂದ ಒರೆಸತೊಡಗಿದೆ.

"ಪೂಜೆ ಕುಂಕುಮ ಒರೆಸ್ತೀಯೇನೋ? ಕಣ್ಣು ಹೋದೀತು," ಎಂದ ಚೆಲುವರಾಜ, ಆ ಸ್ಥಿತಿಯಲ್ಲೂ.

"ಒರೆಸದಿದ್ದರೂ ಹೋಗುತ್ತೆ, ಸ್ವಾಮಿ."

ಕೆಳಗೆ ಬೆಳಕಿನ ಅಲೆಯುದ್ದ 1064 ಎಂದಿತ್ತು. ಒಂದು ಹಸಿರು ಕನ್ನಡಕದ ಅಂಚಿನಲ್ಲಿ 808, ಇನ್ನೊಂದರಲ್ಲಿ 1064. ಎರಡನೆಯದನ್ನು ಎತ್ತಿಕೊಂಡೆ. "ಬಣ್ಣ ನೋಡಬಾರದು, ಅಮ್ಮಣ್ಣಿ. ಈ ಬೆಳಕಿನ ಅಂಕಿಯೇ ಕನ್ನಡಕದ ಮೇಲೂ ಇರಬೇಕು."

"ಎದುರು ನಿಲ್ಲದವನನ್ನೂ ಹೊಡೆಯುವ ವೈರಿ ಯಾರು?"

"ಹೊಳೆಯೋ ತಗಡಿಂದ ಚಿಮ್ಮಿ ಬರೋ ಬೆಳಕು. ಅದಕ್ಕೇ ಇದು ಪಕ್ಕಕ್ಕೂ ಮುಚ್ಚಿರೋದು."

"ಸರಿಯಾದದ್ದನ್ನೇ ಹಾಕಿಕೊಂಡವನು ಮಾಡಬಾರದ್ದೇನು?"

"ಅದನ್ನ ನಂಬಿ ಕಿರಣವನ್ನ ನೆಟ್ಟು ನೋಡಬಾರದು. ಛತ್ರಿ ಇದೆ ಅಂತ ಹೊಳೆಗೆ ಇಳೀತಾರಾ?"

ಅಮ್ಮಣ್ಣಿ ತಲೆಯಾಡಿಸಿದಳು. "ಗೆದ್ದೆ. ಬೇಕಾದ್ದು ಕೇಳು."

"ಅರ್ಧ ರಾಜ್ಯ ಬೇಡ. ಈ ಇಬ್ಬರ ಕಣ್ಣು ಬಿಟ್ಟುಬಿಡಿ. ಅಂಕಿ ಮುಚ್ಚಿದ್ದು ಇವರಲ್ಲ."

"ಬಿಟ್ಟೆ. ನೀನಾದರೂ ಇಲ್ಲೇ ಉಳಿ. ಒಗಟು ಕೇಳಿ ಕೇಳಿ ನನಗೂ ಸಾಕಾಗಿದೆ."

"ಇನ್ನು ಕೇಳೋದೇ ಬೇಡ, ಅಮ್ಮಣ್ಣಿ. ಕುಂಕುಮ ಅಂಕಿಯ ಪಕ್ಕಕ್ಕೆ ಇಡಿಸಿ, ಸಾಕು."

ಎಲೆ ಹಾಕಿಸಿ ಅನ್ನ ಬಡಿಸಿದರು. ಉಂಡು ಎದ್ದಾಗ ಅಮ್ಮಣ್ಣಿ ತಾನೇ ಫಲಕದ ಅಂಚಿಗೆ ಒಂದು ಸಣ್ಣ ಬೊಟ್ಟು ಇಡುತ್ತಿದ್ದಳು. ನಾನು ಕೆಂಪಾದ ಟವೆಲ್ಲನ್ನು ಕೊಡವಿ, ಮಡಚಿ, ಜೋಳಿಗೆಗೆ ತುರುಕಿ ಹೊರಟೆ.