ಕೇಪಿನ ಮನೆ

"ಗುರುಗಳೇ, ಮಗಳಿಗೆ ಈ ಗಂಡಿನ ಮೇಲೆ ಮನಸ್ಸಿಲ್ಲ. ಆದರೂ ಮದುವೆ ಆಗಿಬಿಟ್ಟರೆ ನಾಲ್ಕು ದಿನದಲ್ಲಿ ಹೊಂದಿಕೊಳ್ಳುತ್ತಾಳಲ್ಲವೇ?"

ಲಗ್ನಪತ್ರಿಕೆ ಕೊಡಲು ಬಂದಿದ್ದ ಶಿಷ್ಯ ಪಾಲಾಕ್ಷ ಹೀಗೆ ಕೇಳಿದ. ಮದುವೆಗೆ ಇನ್ನು ಐದು ದಿನ. ಹುಡುಗಿ ಮೊದಲು ಅತ್ತಳಂತೆ, ಊಟ ಬಿಟ್ಟಳಂತೆ. ಈಗ ಸುಮ್ಮನಾಗಿದ್ದಾಳೆ ಎಂದೂ ಹೇಳಿದ. ಹೇಳುವಾಗ ಅವನ ಮುಖದಲ್ಲಿ ನೆಮ್ಮದಿಯಿತ್ತು. ಗುರುಗಳಿಗೆ ಆ ನೆಮ್ಮದಿ ಹಿಡಿಸಲಿಲ್ಲ. ಪತ್ರಿಕೆಯನ್ನು ಪಕ್ಕಕ್ಕಿಟ್ಟು ಒಂದು ಕತೆ ಹೇಳಿದರು.

ಕಾಡಿನ ಅಂಚಿನ ಊರಿನಲ್ಲಿ ಒಬ್ಬ ರೈತನಿದ್ದ. ಹಂದಿಗಳಿಂದ ಗದ್ದೆ ಕಾಯಲು ಕೋವಿ ಇಟ್ಟುಕೊಂಡಿದ್ದ. ಈಡು ಹೊಡೆದ ಮೇಲೆ, ಮದ್ದುಗುಂಡು ತುಂಬುವ ಹಿತ್ತಾಳೆಯ ಕೊಳವೆಯನ್ನು, ಅಂದರೆ ತೋಟೆಯನ್ನು, ಎಸೆಯುತ್ತಿರಲಿಲ್ಲ. ಪೆಟ್ಟು ಬಿದ್ದೊಡನೆ ಕಿಡಿ ಹಾರಿಸಿ ಮದ್ದು ಹೊತ್ತಿಸುವ, ತಳದಲ್ಲಿ ಸುಟ್ಟುಹೋದ ಪುಟ್ಟ ಕೇಪನ್ನು ತೆಗೆದು, ಹೊಸದು ಹಾಕಿ, ಮದ್ದುಗುಂಡು ತುಂಬಿ ಮತ್ತೆ ಬಳಸುತ್ತಿದ್ದ. ಕೇಪು ಇರುವ ಆ ಪುಟ್ಟ ಕುಳಿಗೆ ಆ ಊರಿನವರು ಮನೆ ಎನ್ನುತ್ತಿದ್ದರು.

ಒಂದು ವರ್ಷ ಎಂದಿನ ಕೇಪು ಪೇಟೆಯಲ್ಲಿ ಸಿಗಲಿಲ್ಲ. ಸಿಕ್ಕಿದ್ದು ಬೇರೆ ಅಳತೆಯದು, ಕೂದಲೆಳೆಯಷ್ಟು ಹೆಚ್ಚು ದಪ್ಪ. ರೈತ ಅದನ್ನೇ ತಂದು ಒತ್ತಿದ. ಹೋಗಲಿಲ್ಲ. ಇನ್ನಷ್ಟು ಒತ್ತಿದ. ಹೋಯಿತು. ಹೆಬ್ಬೆರಳಿನಿಂದ ಸವರಿ ನೋಡಿದ, ಸಮವಾಗಿತ್ತು.

ಕೋವಿಯ ಕೆಲಸ ಬಲ್ಲ ಕಮ್ಮಾರನೊಬ್ಬ ಆ ತೋಟೆಯನ್ನು ತಿರುಗಿಸಿ ನೋಡಿ, "ಇದು ಕೂತಿಲ್ಲ ಮಾರಾಯ, ಕೂರಿಸಿದ್ದೀಯ" ಎಂದ.

"ಕೂತರೇನು, ಕೂರಿಸಿದರೇನು? ಒಳಗಿದೆಯಲ್ಲ" ಎಂದ ರೈತ.

ಹಾಗೆ ತುಂಬಿಟ್ಟ ತೋಟೆಗಳಲ್ಲಿ ಹತ್ತು ಸರಿಯಾಗಿಯೇ ಹಾರಿದವು. ಪ್ರತಿ ಸಲವೂ ರೈತ ಕುಲುಮೆಯ ಮುಂದೆ ನಿಂತು, ಹೇಗೆ ಹೊಂದಿಕೊಂಡಿದೆ ನೋಡು ಎಂದು ರೇಗಿಸಿ ಹೋಗುತ್ತಿದ್ದ. ಕಮ್ಮಾರ ತಿದಿ ಒತ್ತುತ್ತಲೇ ಇರುತ್ತಿದ್ದ. ಗೆದ್ದು ಬೀಗುವವನ ಜೊತೆ ವಾದ ಮಾಡಬಾರದು ಎಂಬಷ್ಟು ಬುದ್ಧಿ ಅವನಿಗಿತ್ತು.

ಹನ್ನೊಂದನೆಯ ತೋಟೆಯನ್ನು ರೈತನ ತಮ್ಮ ಒಯ್ದ. ಸಂಜೆ ಗದ್ದೆಗೆ ಹಂದಿಗಳು ನುಗ್ಗಿದ್ದವು. ಅಣ್ಣ ತುಂಬಿದ್ದಲ್ಲವೇ ಎಂದು ನೋಡದೆಯೇ ಕೋವಿಗೆ ಹಾಕಿದ. ಬಲವಂತದಿಂದ ಒಳಹೋಗಿದ್ದ ಕೇಪು, ಡಬ್ಬಿಯಲ್ಲಿದ್ದ ದಿನಗಳಲ್ಲಿ ಸದ್ದಿಲ್ಲದೆ ತುಸು ಮೇಲೆದ್ದಿತ್ತು. ಕೋವಿಯನ್ನು ಇನ್ನೂ ಮುಚ್ಚುತ್ತಿರುವಾಗಲೇ ಅದಕ್ಕೆ ಪೆಟ್ಟು ಬಿದ್ದು ಈಡು ಹಾರಿತು. ಹಿತ್ತಾಳೆ ಸೀಳಿ ಹಿಂದಕ್ಕೆ ಸಿಡಿಯಿತು. ತಮ್ಮನ ಬಲಗಣ್ಣು ಹೋಯಿತು.

ರೈತ ಎದೆ ಬಡಿದುಕೊಂಡು ಅತ್ತ. ಹಾಳು ಕೇಪು ಎಂದು ಶಪಿಸಿದ. ನೋಡಲು ಬಂದಿದ್ದ ಕಮ್ಮಾರನಿಗೆ ಸಿಟ್ಟು ಬಂದದ್ದು ಆಗಲೇ. ಕೇಪಿನ ತಪ್ಪೇನೂ ಇಲ್ಲ, ಅದಕ್ಕೆ ತಕ್ಕ ಮನೆ ಬೇರೆಲ್ಲೋ ಇತ್ತು ಎಂದು ಹೇಳಿ ಎದ್ದು ಹೋದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಪಾಲಾಕ್ಷ ಆ ತಮ್ಮನಿಗಾಗಿ ಬಹಳ ಮರುಗಿದ. ತುಂಬಿದವನು ಒಬ್ಬ, ಅನುಭವಿಸಿದವನು ಇನ್ನೊಬ್ಬ, ಅನ್ಯಾಯ ಎಂದ.

ಗುರುಗಳು ಲಗ್ನಪತ್ರಿಕೆಯನ್ನು ಅವನ ಕೈಗೇ ತಿರುಗಿ ಕೊಟ್ಟು ಕೇಳಿದರು:

"ನಿನ್ನ ಮಗಳು ಹಸೆಮಣೆಯ ಮೇಲೆ ಕೂರುತ್ತಾಳೋ, ಕೂರಿಸುತ್ತೀಯೋ?"