ಕಡೆಯ ತಟ್ಟೆ

ಶಿವಲೀಲಾ ಮಠಕ್ಕೆ ಬಂದಾಗ ಮಧ್ಯಾಹ್ನ ಒಂದು ಗಂಟೆ. ಕೈಯಲ್ಲಿ ಫೋನು, ಮುಖದಲ್ಲಿ ಜೀವವೇ ಇಲ್ಲ.

ಅಜ್ಜಾರು ಹೊಳೆದಂಡೆಯ ಕಟ್ಟೆಯ ಮೇಲೆ ಕೂತಿದ್ದರು. ಚಿಕ್ಕಂದಿನಲ್ಲಿ ಅವಳಿಗೆ ಅಕ್ಷರ ತಿದ್ದಿಸಿದ ಗುರುಗಳು.

"ಅಜ್ಜಾರ, ಒಬ್ಬರನ್ನ ಆರಿಸಿಕೊಡ್ರಿ."

"ಮದುವಿಗೇನವಾ?"

"ಕೆಲಸಕ್ಕರೀ. ಗ್ರಾಫಿಕ್ಸ್ ಪ್ರೊಸೆಸರ್ ಅನ್ನೋ ಕಂಪ್ಯೂಟರ್ ಚಿಪ್‌ಗೆ ಪ್ರೋಗ್ರಾಂ ಬರೆಯೋರು ಬೇಕು. ನಮ್ಮ ಯಂತ್ರ ತಲಿ ಸ್ಕ್ಯಾನ್ ನೋಡಿ, ರಕ್ತ ಎಲ್ಲಿ ಹೆಪ್ಪುಗಟ್ಟೈತಿ ಹೇಳ್ತೈತಿ. ಆದ್ರ ನಲವತ್ತು ನಿಮಿಷ ತಗೋತೈತಿ. ಅಷ್ಟರಾಗ ಮನಷ್ಯಾನ ಉಳಿಯಂಗಿಲ್ಲ. ಈ ತಿಂಗಳದಾಗ ಸರಿ ಆಗದಿದ್ರ ದವಾಖಾನಿಯವರು ಯಂತ್ರ ವಾಪಸ್ ಕಳಸ್ತಾರ. ನಾನು, ನನ್ನ ಕೂಡ ದುಡಿಯೋ ಏಳು ಮಂದಿ, ಬಾಗ್ಲಾ ಹಾಕ್ಕೊಂಡು ಮನಿಗೆ ಹೋಗೂದ."

"ಯಾರೂ ಬರಲಿಲ್ಲೇನು?"

"ನಾಕು ತಿಂಗಳದಾಗ ಹತ್ತೊಂಬತ್ತು ಮಂದಿ ಬಂದ್ರು. ಎಲ್ಲಾರಿಗೂ ಬ್ಯಾಡ ಅಂದೆ. ತಪ್ಪು ಮಂದಿನ್ನ ತಗೊಂಡ್ರ ಹೆಂಗ್ರಿ? ಅಂಜಿಕಿ ಬರ್ತೈತಿ."

ಹತ್ತೊಂಬತ್ತು ಜನರನ್ನು ವಾಪಸ್ ಕಳಿಸಿ, ಇಪ್ಪತ್ತನೆಯವಳಿಗಾಗಿ ಗುರುಗಳ ಹತ್ತಿರ ಓಡಿಬಂದಿದ್ದಳು. ಇಂಥವರನ್ನು ನಾನೂ ಕಂಡಿದ್ದೇನೆ.

"ಈಗ?"

"ತಬಸ್ಸುಮ್ ಅಂತ ಒಬ್ಬಾಕಿ. ಮೂರು ಗಂಟೆದೊಳಗ ಹೇಳದಿದ್ರ ಬ್ಯಾರೆ ಕಡೆ ಹೋಗ್ತಾಳ. 'ಎಷ್ಟು ಲಗೂ ಮಾಡ್ತಿ?' ಅಂತ ಕೇಳಿದೆ. ಅದಕ್ಕ ಉತ್ತರಾನ ಹೇಳಲಿಲ್ಲ. 'ಮೇಡಂ, ಈ ಚಿಪ್‌ನಾಗ ಮೂವತ್ತೆರಡು ಲೆಕ್ಕ ಒಂದ ಸಾಲಿನಾಗ ಕೂಡೇ ನಡೀತಾವು. ಒಂದು ತಡಾ ಆದ್ರ ಉಳಿದವು ಕಾಯ್ತಾವು. ಯಾರಿಗೆ ಕಾಯಾಕತ್ತಾವು, ಮೊದಲ ಅದನ್ನ ನೋಡೂಣ' ಅಂದ್ಲು. ಬಲ್ಲಾಕಿನೋ, ಮಾತು ಹಾರಸಾಕಿನೋ, ಗೊತ್ತಾಗವಲ್ದು."

ಅಜ್ಜಾರು ಎದ್ದರು. "ಗಂಟಿ ಹೊಡೀತು. ಪ್ರಸಾದಕ್ಕ ನಡಿ."

"ಹೊತ್ತಿಲ್ರೀ."

"ನಡಿ."

ಆ ಮಠದಲ್ಲೊಂದು ರೂಢಿ. ಸಾಲಿನಲ್ಲಿ ಎಲ್ಲರೂ ಉಂಡು ಮುಗಿಸುವವರೆಗೆ ಯಾರೂ ಏಳುವಂತಿಲ್ಲ.

ಅಜ್ಜಾರ ಪಕ್ಕದಲ್ಲೇ ಕೂತಳು. ರೊಟ್ಟಿ, ಬದನೆಕಾಯಿ ಪಲ್ಯ ಬಂತು. ಅನ್ನ, ಸಾರು ಬಂತು. ಶಿವಲೀಲಾಳ ಕಣ್ಣು ತೊಡೆಯ ಮೇಲಿನ ಫೋನಿನಲ್ಲಿತ್ತು. ತಬಸ್ಸುಮಳ ಅರ್ಜಿಯನ್ನು ಮೇಲಿಂದ ಕೆಳಗೆ ಓದಿದಳು, ಮತ್ತೆ ಕೆಳಗಿಂದ ಮೇಲೆ. "ಬನ್ನಿ" ಎಂದು ಟೈಪ್ ಮಾಡಿದಳು. ಅಳಿಸಿದಳು.

ಎರಡೂವರೆ ಆಯಿತು. ತಲೆ ಎತ್ತಿದರೆ ಸಾಲು ಹಾಗೇ ಕೂತಿದೆ. ಎಲ್ಲರ ತಟ್ಟೆ ಖಾಲಿ, ಬೆರಳಿನ ಸಾರು ಒಣಗಿ ಅಂಟಿದೆ. ಒಬ್ಬ ಮುದುಕಿ ಜೋಮು ಹಿಡಿದ ಕಾಲು ನೀವಿಕೊಳ್ಳುತ್ತಿದ್ದಾಳೆ.

ಶಿವಲೀಲಾಳಿಗೆ ಸಿಟ್ಟೇ ಬಂತು. "ಅಜ್ಜಾರ, ಮೂರಾಗಾಕ ಬಂತು. ಇವರೆಲ್ಲಾ ಯಾರಿಗೆ ಕಾಯಾಕತ್ತಾರ್ರಿ?"

"ಆ ಹುಡುಗಿನೂ ಇದನ್ನ ಕೇಳಿದ್ಲಲ್ಲ."

ಅವಳು ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಆಮೇಲೆ ತನ್ನ ತಟ್ಟೆ ನೋಡಿದಳು. ಅನ್ನ ಬಡಿಸಿದ ಹಾಗೇ ಇತ್ತು.

ನಾಚಿಕೆಯಿಂದ ಫೋನು ಬದಿಗಿಟ್ಟು ತುತ್ತಿಗೆ ಕೈ ಹಾಕಿದಳು. ಅಜ್ಜಾರು ಫೋನು ಎತ್ತಿ ಅವಳ ಕೈಗೇ ಕೊಟ್ಟರು.

"ಅನ್ನ ಆಮ್ಯಾಲ, ಯವ್ವಾ. ಇವರು ಇನ್ನೊಂದೀಟು ಕುಂದರ್ತಾರ. ನಾಕು ತಿಂಗಳಿಂದ ನಿನಗ ಕಾಯಾಕತ್ತಾರಲ್ಲ, ಮೊದಲ ಆ ಏಳು ಮಂದಿನ್ನ ಏಳಾಕ ಬಿಡು."